ವಿಲನ್ ಇಲ್ಲದ ಅನ್ಯಾಯ: ಏಷ್ಯಾದ ನಾಲ್ಕು ಸಿನಿಮಾಗಳ ಜೊತೆ ಒಂದು ಮಾತುಕತೆ

ಬಸ್ಸಲ್ಲಿ ಸೀಟು ಸಿಕ್ಕವರಿಗೂ, ಸಿಗದೆ ಕಂಬಿ ಹಿಡಿದು ನಿಂತವರಿಗೂ, ಪಾತ್ರೆ ತೊಳೀತಾ ಇಯರ್‌ಫೋನ್ ಹಾಕ್ಕೊಂಡವರಿಗೂ ಸ್ವಾಗತ. ಇವತ್ತು ಸಿನಿಮಾ ಬಗ್ಗೆ ಮಾತಾಡೋಣ. ಯಾವ ಸಿನಿಮಾ ಎಷ್ಟು ಕೋಟಿ ಬಾಚಿತು ಅನ್ನೋ ಲೆಕ್ಕ ಅಲ್ಲ. ಏಷ್ಯಾದ ಬೇರೆ ಬೇರೆ ಕಡೆ, ಸಮಾಜದ ಅಂಚಿನಲ್ಲಿರೋ ಜನರ ಬಗ್ಗೆ, ಮಾರ್ಕೆಟ್ ಲೆಕ್ಕಾಚಾರ ಬದಿಗಿಟ್ಟು ತೆಗೆದ ಕೆಲವು ಸಿನಿಮಾಗಳ ಬಗ್ಗೆ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಅನ್ಯಾಯ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಯಾರು ಬರ್ತಾರೆ?

ನಮ್ಮ ಮಾಸ್ ಸಿನಿಮಾಗಳು ಅದಕ್ಕೊಂದು ಮುಖ ಕೊಟ್ಟುಬಿಟ್ಟಿವೆ. ದಪ್ಪ ಮೀಸೆ, ಕೆಂಪು ಕಣ್ಣು, ಹಿಂದೆ ನಾಲ್ಕು ಸುಮೋ. ಅವನು ಊರಿನ ಜಮೀನು ನುಂಗ್ತಾನೆ, ಬಡವರ ಮನೆಗೆ ಬೆಂಕಿ ಹಚ್ತಾನೆ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಹೀರೊ ಬಂದು ಅವನ ಮೂಳೆ ಮುರೀತಾನೆ. ನಾವು ಶಿಳ್ಳೆ ಹೊಡೆದು ಮನೆಗೆ ಹೋಗ್ತೀವಿ. ನ್ಯಾಯ ಸಿಕ್ಕಿತು, ಶುಭಂ. ನಾನೂ ಶಿಳ್ಳೆ ಹೊಡೆದವನೇ. ಆ ಖುಷಿಯನ್ನು ಹೀಗಳೆಯೋಕೆ ಇಲ್ಲಿ ಕೂತಿಲ್ಲ.

ಆದರೆ ನಿಜವಾಗಿ ಅನ್ಯಾಯ ಉಂಡವರನ್ನು ಕೂರಿಸಿಕೊಂಡು ಕೇಳಿ ನೋಡಿ. ಅವರು ಹೇಳೋ ಕಥೆಯಲ್ಲಿ ಹೆಚ್ಚಾಗಿ ಮೀಸೆ ಇರಲ್ಲ. ಒಂದು ಕೌಂಟರ್ ಇರುತ್ತೆ. 'ನಾಳೆ ಬಾ' ಇರುತ್ತೆ. 'ಸರ್ವರ್ ಡೌನ್' ಇರುತ್ತೆ. ಕೇಳದೇ ಇರೋ ಒಂದು ಝೆರಾಕ್ಸ್ ಕಾಪಿ ಇರುತ್ತೆ. 'ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ರೂಲ್ಸ್ ಇರೋದೇ ಹಾಗೆ' ಅನ್ನೋ ಒಬ್ಬ ಸಭ್ಯ ಮನುಷ್ಯ ಇರ್ತಾನೆ. ಅವನು ಸಂಜೆ ಮನೆಗೆ ಹೋಗುವಾಗ ಮಕ್ಕಳಿಗೆ ಬೇಕರಿಯಿಂದ ಪಫ್ಸ್ ಕಟ್ಟಿಸಿಕೊಂಡು ಹೋಗ್ತಾನೆ. ಕೆಟ್ಟವನಲ್ಲ. ಆದರೆ ಅವನ ಕೌಂಟರ್‌ನ ಈ ಕಡೆ ಒಬ್ಬರ ಬದುಕು ನಿಂತೇ ಹೋಗಿರುತ್ತೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ನನಗೆ ಇಷ್ಟವಾದ ಏಷ್ಯಾದ ಸಿನಿಮಾಗಳು ಈ ಪಫ್ಸ್ ಕಟ್ಟಿಸಿಕೊಂಡು ಹೋಗೋ ಮನುಷ್ಯನನ್ನು ತೋರಿಸುತ್ತವೆ. ಅನ್ಯಾಯ ಅನ್ನೋದು ಎಷ್ಟೋ ಸಲ ಯಾರದೋ ದಿನನಿತ್ಯದ ಡ್ಯೂಟಿ ಅಂತ ತೋರಿಸುತ್ತವೆ. ಅದನ್ನು ನೋಡಿದ ಮೇಲೆ ನಮಗೆ ಶಿಳ್ಳೆ ಹೊಡೆಯೋಕೆ ಆಗಲ್ಲ. ಯಾಕಂದ್ರೆ ಆ ಮನುಷ್ಯ ನಾವೇ ಆಗಿರಬಹುದು.

ನಾಲ್ಕು ಸಿನಿಮಾ ತಗೊಳ್ತೀನಿ. ಎರಡು ಮರಾಠಿ, ಒಂದು ಕೊರಿಯಾದ್ದು, ಒಂದು ಲೆಬನಾನ್ ದೇಶದ್ದು. ಕಥೆ ಸ್ವಲ್ಪ ಬಿಟ್ಟುಕೊಡ್ತೀನಿ, ಮೊದಲೇ ಹೇಳಿದ್ದೀನಿ. ಇವು ಸ್ಪಾಯ್ಲರ್‌ನಿಂದ ಹಾಳಾಗೋ ಸಿನಿಮಾಗಳಲ್ಲ.

ಮೊದಲನೆಯದು 'ಕೋರ್ಟ್'. ಚೈತನ್ಯ ತಮ್ಹಾಣೆ ನಿರ್ದೇಶನದ ಮೊದಲ ಪೂರ್ಣ ಪ್ರಮಾಣದ ಚಿತ್ರ. 2014ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಾಗ ಅವರಿಗೆ ಇಪ್ಪತ್ತೇಳು ವರ್ಷ. ಆಮೇಲೆ ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಭಾರತದಿಂದ ಆಸ್ಕರ್‌ಗೂ ಅದನ್ನೇ ಕಳಿಸಿದರು.

ಕಥೆ ಏನಪ್ಪಾ ಅಂದ್ರೆ, ಮುಂಬೈಯಲ್ಲಿ ನಾರಾಯಣ ಕಾಂಬಳೆ ಅಂತ ಒಬ್ಬ ವಯಸ್ಸಾದ ದಲಿತ ಜನಪದ ಗಾಯಕ. ಗಲ್ಲಿಗಳಲ್ಲಿ ವೇದಿಕೆ ಹಾಕಿಸಿಕೊಂಡು ಹೋರಾಟದ ಹಾಡು ಹಾಡ್ತಾನೆ, ಮಕ್ಕಳಿಗೆ ಪಾಠ ಹೇಳ್ತಾನೆ. ಒಂದು ದಿನ ಪೊಲೀಸರು ಬಂದು ಎತ್ತಾಕ್ಕೊಂಡು ಹೋಗ್ತಾರೆ. ಆರೋಪ ಏನು ಗೊತ್ತಾ? ಅವನ ಹಾಡು ಕೇಳಿ ಮ್ಯಾನ್‌ಹೋಲ್ ಕ್ಲೀನ್ ಮಾಡೋ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಅಂತ. ಸುರಕ್ಷತೆಯ ಯಾವ ಸಲಕರಣೆಯೂ ಇಲ್ಲದೆ ಗುಂಡಿಗೆ ಇಳಿದ ಮನುಷ್ಯ ಸತ್ತಿದ್ದಾನೆ. ಸಿಕ್ಕಿಬಿದ್ದವನು ಹಾಡುಗಾರ.

ಈಗ ಇಲ್ಲಿ ವಿಲನ್ ಯಾರು? ಸರ್ಕಾರಿ ವಕೀಲೆಯನ್ನು ನೋಡೋಣ. ನ್ಯಾಯಾಲಯದಲ್ಲಿ ಆಕೆ ಇಂಗ್ಲಿಷಿನ ಕಾನೂನು ಪುಸ್ತಕವನ್ನು ಪಟಪಟ ಅಂತ ಓದ್ತಾ ಹೋಗ್ತಾಳೆ, ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗೋ ಥರ. ಕ್ಯಾಮೆರಾ ಆಕೆಯ ಜೊತೆ ಮನೆಗೂ ಹೋಗುತ್ತೆ. ಲೋಕಲ್ ಟ್ರೇನಲ್ಲಿ ಬರ್ತಾಳೆ, ಅಡುಗೆ ಮಾಡ್ತಾಳೆ, ಎಲ್ಲರಿಗೂ ಬಡಿಸ್ತಾಳೆ. ನಮ್ಮ ಅಕ್ಕನೋ ಚಿಕ್ಕಮ್ಮನೋ ಅನ್ನಿಸುವಷ್ಟು ಪರಿಚಿತ ಹೆಂಗಸು. ಅದೇ ಹೆಂಗಸು ಸಹೋದ್ಯೋಗಿಗಳ ಜೊತೆ ಹರಟುವಾಗ, ಈ ಕೇಸನ್ನು ಯಾಕೆ ಎಳೀತಾರೋ, ಇಪ್ಪತ್ತು ವರ್ಷ ಕೊಟ್ಟು ಒಳಗೆ ಹಾಕಿದರೆ ಮುಗೀತಲ್ಲ ಅನ್ನೋ ಧಾಟಿಯಲ್ಲಿ ಮಾತಾಡ್ತಾಳೆ. ಅದರಲ್ಲಿ ದ್ವೇಷ ಇಲ್ಲ. ಬರೀ ಬೋರು. ಆ ಬೋರಿನ ಬೆಲೆ ಕಟ್ಟೋದು ಕಟಕಟೆಯಲ್ಲಿ ನಿಂತಿರೋ ಮುದುಕ.

ಜಡ್ಜ್ ಕೂಡ ಲಂಚ ತಿನ್ನಲ್ಲ, ಯಾರ ಫೋನಿಗೂ ತಲೆಬಾಗಲ್ಲ. ಒಬ್ಬ ಮಹಿಳೆ ತೋಳಿಲ್ಲದ ಬಟ್ಟೆ ಹಾಕ್ಕೊಂಡು ಬಂದಿದ್ದಾಳೆ ಅಂತ ಆಕೆಯ ಕೇಸನ್ನೇ ಮುಂದಕ್ಕೆ ಹಾಕ್ತಾನೆ. ಜಾಮೀನು ಸಿಕ್ಕು ಹೊರಬಂದ ಹಾಡುಗಾರನನ್ನು ಮತ್ತೆ ಬಂಧಿಸ್ತಾರೆ. ಬೇಸಿಗೆ ರಜೆ ಬರುತ್ತೆ, ನ್ಯಾಯಾಲಯದ ದೀಪಗಳು ಒಂದೊಂದಾಗಿ ಆರುತ್ತವೆ, ಪರದೆ ಕತ್ತಲಾಗುತ್ತೆ. ಸಿನಿಮಾ ಮುಗೀತು ಅಂದುಕೊಳ್ತೀವಿ. ಮುಗಿಯಲ್ಲ. ಜಡ್ಜ್ ಸಾಹೇಬರು ಕುಟುಂಬದ ಜೊತೆ ರೆಸಾರ್ಟಿಗೆ ಹೋಗ್ತಾರೆ. ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗ್ತಾರೆ. ಮಕ್ಕಳು ಕೂಗಿ ಎಬ್ಬಿಸಿದರೆ ಸಿಟ್ಟಿಗೆದ್ದು ಒಂದು ಮಗುವಿನ ಕೆನ್ನೆಗೆ ಬಾರಿಸಿ, ಮತ್ತೆ ಕಣ್ಣು ಮುಚ್ಚುತ್ತಾರೆ. ಅಷ್ಟೇ ಸಿನಿಮಾ.

ಈ ಚಿತ್ರದಲ್ಲಿ ನನ್ನನ್ನು ಇವತ್ತಿಗೂ ಬಿಡದ ದೃಶ್ಯ ಬೇರೆ. ಸತ್ತ ಕಾರ್ಮಿಕನ ಹೆಂಡತಿ ಸಾಕ್ಷಿ ಹೇಳೋಕೆ ಬರ್ತಾಳೆ. ಗಂಡ ಗುಂಡಿಗೆ ಇಳಿಯೋ ಮುಂಚೆ ಏನು ಮಾಡ್ತಿದ್ದ ಅಂತ ಹೇಳ್ತಾಳೆ. ಒಳಗೆ ಒಂದು ಕಲ್ಲು ಎಸೀತಿದ್ದ. ಜಿರಲೆ ಹೊರಗೆ ಬಂದರೆ ಒಳಗೆ ಉಸಿರಾಡಬಹುದು ಅಂತ ಲೆಕ್ಕ. ಬರದಿದ್ದರೆ ವಿಷಾನಿಲ ಇದೆ ಅಂತ. ಅವನ ಜೀವ ಉಳಿಸೋ ಸಲಕರಣೆ ಅಂದ್ರೆ ಒಂದು ಜಿರಲೆ. ಇದನ್ನು ಆಕೆ ಅಳದೆ, ದನಿ ಏರಿಸದೆ, ಪಡಿತರ ಅಂಗಡಿಯಲ್ಲಿ ವಿಳಾಸ ಹೇಳೋ ಹಾಗೆ ಹೇಳ್ತಾಳೆ. ಆ ಪಾತ್ರ ಮಾಡಿದ ಮಹಿಳೆ ವೃತ್ತಿನಟಿಯಲ್ಲ. ನಿಜ ಜೀವನದಲ್ಲೂ ಇದೇ ಕೆಲಸದಲ್ಲಿದ್ದ ಗಂಡನನ್ನು ಕಳೆದುಕೊಂಡವರು. ಹಾಡುಗಾರನ ಪಾತ್ರ ಮಾಡಿದ ವೀರಾ ಸಾಥಿದಾರ್ ಕೂಡ ನಾಗಪುರದ ಅಂಬೇಡ್ಕರ್‌ವಾದಿ ಹೋರಾಟಗಾರ, ಲೇಖಕ. 2021ರ ಏಪ್ರಿಲ್‌ನಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು.

ಇಲ್ಲೊಂದು ವಿಷಯ ನೆನಪಿಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1993ರಲ್ಲೇ ಬಂತು. 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಅರ್ಥ ಏನು? ಸಾವು ನಿಂತಿಲ್ಲ ಅಂತ. ಮುಂಬೈ ಬಿಡಿ, ನಮ್ಮ ರಾಜ್ಯದ ಪತ್ರಿಕೆಗಳಲ್ಲೂ ಆ ಸುದ್ದಿ ಒಳಪುಟದ ಸಣ್ಣ ಕಾಲಂನಲ್ಲಿ ಬರ್ತಾನೇ ಇರುತ್ತೆ. ಕಾನೂನು ಇದೆ, ಕೋರ್ಟ್ ಇದೆ. ಆದರೂ ಮನುಷ್ಯ ಗುಂಡಿಗೆ ಇಳೀತಾನೆ. ಯಾಕೆ ಅನ್ನೋ ಪ್ರಶ್ನೆಗೆ ಒಬ್ಬ ವಿಲನ್ನನ್ನು ತೋರಿಸಿ ಉತ್ತರ ಕೊಡೋಕಾಗಲ್ಲ.

ಈಗ ಮುಂಬೈಯಿಂದ ದಕ್ಷಿಣ ಕೊರಿಯಾಕ್ಕೆ ಹೋಗೋಣ. ಕೆ-ಡ್ರಾಮಾ ನೋಡೋರು, ಕೆ-ಪಾಪ್ ಕೇಳೋರು ನಿಮ್ಮಲ್ಲಿ ತುಂಬ ಜನ ಇದ್ದೀರಿ, ನನಗೆ ಗೊತ್ತು. ಅದೇ ಕೊರಿಯಾದ ಇನ್ನೊಂದು ಮುಖ 'ನೆಕ್ಸ್ಟ್ ಸೊಹೀ'. ಜುಲೈ ಜಂಗ್ ಎಂಬ ಮಹಿಳೆಯ ನಿರ್ದೇಶನ. 2022ರಲ್ಲಿ ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದ ಕೊನೆಯ ಚಿತ್ರವಾಗಿ ಪ್ರದರ್ಶನವಾಯಿತು. ಇದರಲ್ಲಿ ಆತ್ಮಹತ್ಯೆಯ ವಿಷಯ ಬರುತ್ತೆ. ಕೇಳೋಕೆ ಕಷ್ಟ ಅನ್ನಿಸಿದರೆ ಐದು ನಿಮಿಷ ಮುಂದಕ್ಕೆ ಹೋಗಿ. ಮನಸ್ಸು ಭಾರ ಇದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕಾಲ್ ಮಾಡಿ, ಅದು ಉಚಿತ, ದಿನದ 24 ಗಂಟೆಯೂ ಇರುತ್ತೆ.

ಸೊಹೀ ವೃತ್ತಿಶಿಕ್ಷಣದ ಹೈಸ್ಕೂಲಿನಲ್ಲಿ ಓದೋ ಹುಡುಗಿ. ನಮ್ಮ ಐಟಿಐ, ಡಿಪ್ಲೊಮಾ ಇದ್ದ ಹಾಗೆ ಅಂದುಕೊಳ್ಳಿ. ಡ್ಯಾನ್ಸ್ ಅಂದ್ರೆ ಪ್ರಾಣ. ಶಾಲೆಯವರು ಅವಳನ್ನು ಟ್ರೈನಿಂಗ್ ಅಂತ ಒಂದು ಕಾಲ್ ಸೆಂಟರ್‌ಗೆ ಕಳಿಸ್ತಾರೆ. ದೊಡ್ಡ ಕಂಪನಿಗೆ ಕೆಲಸ ಮಾಡ್ತಾಳೆ ಅಂತ ಶಾಲೆಗೂ ಹೆಮ್ಮೆ. ಅಲ್ಲಿ ಅವಳ ಕೆಲಸ ಇಂಟರ್ನೆಟ್ ಕನೆಕ್ಷನ್ ರದ್ದು ಮಾಡಿ ಅಂತ ಕಾಲ್ ಮಾಡೋ ಗ್ರಾಹಕರನ್ನು ಹೇಗಾದರೂ ಮಾಡಿ ತಡೆಯೋದು. ಗ್ರಾಹಕ ಬೈತಾನೆ, ಇವಳು ಸಾರಿ ಸರ್ ಅನ್ನಬೇಕು. ಗೋಡೆ ಮೇಲೆ ರ‍್ಯಾಂಕ್ ಪಟ್ಟಿ. ಬರಬೇಕಾದ ಇನ್ಸೆಂಟಿವ್ ಕೇಳಿದರೆ, ನೀನು ಟ್ರೈನಿ, ಬಿಟ್ಟು ಹೋಗ್ತೀಯ, ಆಮೇಲೆ ಕೊಡ್ತೀವಿ ಅಂತಾರೆ. ಅವಳ ಟೀಮ್ ಲೀಡರ್ ಒತ್ತಡ ತಡೆಯದೆ ಜೀವ ಕಳೆದುಕೊಂಡಾಗ, ಹೊರಗೆ ಬಾಯಿ ಬಿಡಲ್ಲ ಅಂತ ಎಲ್ಲರಿಂದ ಸಹಿ ಹಾಕಿಸಿಕೊಳ್ತಾರೆ. ಸ್ವಲ್ಪ ದಿನದಲ್ಲಿ ಸೊಹೀ ಕೂಡ ಇರಲ್ಲ.

ಸಿನಿಮಾ ಇಲ್ಲಿಗೆ ಅರ್ಧ. ಉಳಿದರ್ಧದಲ್ಲಿ ಬೇ ಡೂನಾ ಮಾಡಿರೋ ಪೊಲೀಸ್ ಅಧಿಕಾರಿಯ ಪಾತ್ರ ಬರುತ್ತೆ. ನಾವು ಕಾಯ್ತೀವಿ, ಈಗ ಸಿಗ್ತಾನೆ ನೋಡು ಅಪರಾಧಿ ಅಂತ. ಅವಳು ಕಂಪನಿಗೆ ಹೋಗ್ತಾಳೆ. ಅವರು, ಟಾರ್ಗೆಟ್ ಮುಟ್ಟದಿದ್ದರೆ ನಮಗೆ ಕಾಂಟ್ರ್ಯಾಕ್ಟ್ ಹೋಗುತ್ತೆ ಅಂತಾರೆ. ಶಾಲೆಗೆ ಹೋಗ್ತಾಳೆ. ಪ್ಲೇಸ್‌ಮೆಂಟ್ ಸಂಖ್ಯೆ ಕಡಿಮೆ ಆದ್ರೆ ಅನುದಾನ ಕಟ್ ಆಗುತ್ತೆ ಅಂತಾರೆ. ಶಿಕ್ಷಣ ಇಲಾಖೆಗೆ ಹೋಗ್ತಾಳೆ. ಅಲ್ಲೂ ಗೋಡೆ ಮೇಲೆ ಚಾರ್ಟು, ಅಲ್ಲೂ ಮೇಲಿನವರ ಕಡೆ ಬೆರಳು. ಇನ್ನು ಮಂತ್ರಾಲಯಕ್ಕೆ ಹೋಗ್ತೀರಾ ಅಂತ ಅವಳನ್ನೇ ಕೇಳ್ತಾರೆ. ಪ್ರತಿಯೊಬ್ಬನಿಗೂ ಒಂದು ನಂಬರ್ ಇದೆ, ಪ್ರತಿಯೊಬ್ಬನೂ ಆ ನಂಬರಿಗೆ ಹೆದರಿದ್ದಾನೆ. ಆ ಹೆದರಿಕೆಯೆಲ್ಲ ಕೆಳಗೆ ಹರಿದು ಹರಿದು, ಕಟ್ಟ ಕಡೆಯಲ್ಲಿ ಕೂತಿರೋ ಒಬ್ಬ ಹುಡುಗಿಯ ಹೆಡ್‌ಫೋನಿಗೆ ಬಂದು ಬೀಳುತ್ತೆ.

ಕೊನೆಗೆ ನೀರಿನಲ್ಲಿ ಸಿಕ್ಕ ಸೊಹೀಯ ಮೊಬೈಲ್ ಅಧಿಕಾರಿಯ ಕೈಗೆ ಬರುತ್ತೆ. ಅದರಲ್ಲಿ ಉಳಿದಿರೋದು ಒಂದೇ ವಿಡಿಯೊ. ಯಾರ ಹೆಸರೂ ಇಲ್ಲ, ಯಾರ ಮೇಲೂ ದೂರಿಲ್ಲ. ಅವಳು ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಿರೋದು. ನಮ್ಮ ನಿಮ್ಮ ಮೊಬೈಲಿನಲ್ಲಿ ಇರೋ ಥರದ್ದೇ ಒಂದು ವಿಡಿಯೊ.

ಇದು 2017ರಲ್ಲಿ ಕೊರಿಯಾದ ಜಿಯೊಂಜು ನಗರದಲ್ಲಿ ನಡೆದ ನಿಜ ಘಟನೆಯಿಂದ ಹುಟ್ಟಿದ ಕಥೆ. ಸಿನಿಮಾ ಅಲ್ಲಿ ಬಿಡುಗಡೆಯಾಗಿದ್ದು 2023ರ ಫೆಬ್ರುವರಿಯಲ್ಲಿ. ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು, ಟ್ರೈನಿಂಗ್‌ಗೆ ಹೋಗೋ ಶಾಲಾ ವಿದ್ಯಾರ್ಥಿಗಳಿಗೂ ಕಾರ್ಮಿಕ ಕಾನೂನಿನ ಕೆಲವು ರಕ್ಷಣೆ ಸಿಗೋ ಹಾಗೆ ತಿದ್ದುಪಡಿ ಮಾಡಿತು. ಜನ ಅದನ್ನು ಕರೆದದ್ದು ಇದೇ ಸಿನಿಮಾದ ಹೆಸರಿನಿಂದ. ಸಿನಿಮಾ ಒಂದೇ ಇದನ್ನು ಮಾಡಿತು ಅನ್ನೋದು ತಪ್ಪಾಗುತ್ತೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು, ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ಕೂಗ್ತಾ ಇದ್ದರು. ಸಿನಿಮಾ ಆ ಕೂಗಿಗೆ ಒಂದು ಮುಖ ಕೊಟ್ಟಿತು. ಹೆಸರನ್ನೇ ನೋಡಿ, 'ಮುಂದಿನ ಸೊಹೀ'. ಸತ್ತವಳ ಬಗ್ಗೆ ಅಲ್ಲ, ಮುಂದೆ ಯಾರು ಅನ್ನೋದರ ಬಗ್ಗೆ.

ಬೆಂಗಳೂರಿನಲ್ಲಿ ಕೂತು ಇದನ್ನು ನೋಡುವಾಗ, ಇದು ಕೊರಿಯಾದ ಕಥೆ ಅಂತ ದೂರ ತಳ್ಳೋಕೆ ನನಗಾಗಲಿಲ್ಲ. ಇದನ್ನು ಕೇಳ್ತಿರೋ ನಿಮ್ಮಲ್ಲೇ ಯಾರೋ ಒಬ್ಬರು ಈಗ ನೈಟ್ ಶಿಫ್ಟ್ ಕ್ಯಾಬ್‌ನಲ್ಲಿ ಇರಬಹುದು. ಯಾರೋ ಒಬ್ಬರು ಡೆಲಿವರಿ ಬ್ಯಾಗ್ ಪಕ್ಕಕ್ಕಿಟ್ಟು ಮುಂದಿನ ಆರ್ಡರ್‌ಗೆ ಕಾಯ್ತಿರಬಹುದು. ಇನ್ನೊಬ್ಬರು ಅದೇ ಆರ್ಡರ್ ಮಾಡಿ, ಎರಡು ನಿಮಿಷ ತಡ ಆಯ್ತು ಅಂತ ಒಂದು ಸ್ಟಾರ್ ಕೊಡೋಕೆ ಬೆರಳು ಎತ್ತಿರಬಹುದು. ಆ ಒಂದು ಸ್ಟಾರ್ ಕೂಡ ಒಂದು ನಂಬರ್. ಅದು ಎಲ್ಲಿಗೆ ಹರಿಯುತ್ತೆ ಅಂತ ನಮಗೆ ಕಾಣಲ್ಲ. ಈ ಸಿನಿಮಾ ಅದನ್ನು ಕಾಣಿಸುತ್ತೆ.

ಮೂರನೆಯದು ಲೆಬನಾನ್‌ನ 'ಕಪೆರ್ನಾಮ್'. ನದೀನ್ ಲಬಕಿ ನಿರ್ದೇಶನ. 2018ರಲ್ಲಿ ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಪಡೆದ ಚಿತ್ರ. ಬೈರುತ್ ನಗರದ ಕೊಳೆಗೇರಿಯ ಝೈನ್ ಅನ್ನೋ ಹುಡುಗ ತನ್ನ ಅಪ್ಪ ಅಮ್ಮನ ಮೇಲೆಯೇ ಕೇಸ್ ಹಾಕ್ತಾನೆ, ನನ್ನನ್ನು ಯಾಕೆ ಹುಟ್ಟಿಸಿದಿರಿ ಅಂತ. ಅವನ ವಯಸ್ಸು ಅವನಿಗೇ ಗೊತ್ತಿಲ್ಲ. ಜನನ ಪ್ರಮಾಣಪತ್ರ ಇಲ್ಲ. ಡಾಕ್ಟರು ಹಲ್ಲು ನೋಡಿ ಹನ್ನೆರಡು ಇರಬಹುದು ಅಂತಾರೆ. ನಾವು ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತೀವಲ್ಲ, ಹಾಗೆ. ಹನ್ನೊಂದು ವರ್ಷದ ತಂಗಿಯನ್ನು ಮದುವೆ ಮಾಡಿ ಕಳಿಸ್ತಾರೆ. ಅವಳ ಆರೋಗ್ಯ ಬಿಗಡಾಯಿಸಿದಾಗ ಗುರುತಿನ ಕಾಗದ ಇಲ್ಲ ಅಂತ ಆಸ್ಪತ್ರೆಯ ಬಾಗಿಲು ತೆರೆಯಲ್ಲ.

ಝೈನ್‌ಗೆ ಆಸರೆ ಕೊಡೋದು ರಹೀಲ್ ಎಂಬ ಇಥಿಯೋಪಿಯಾದ ಮಹಿಳೆ. ಲೆಬನಾನ್‌ನಲ್ಲಿ ಮನೆಗೆಲಸಕ್ಕೆ ಬರೋ ವಲಸೆ ಹೆಂಗಸರು 'ಕಫಾಲ' ಅನ್ನೋ ಪದ್ಧತಿಯಡಿ ಇರ್ತಾರೆ. ಅಂದ್ರೆ ದೇಶದಲ್ಲಿ ಇರೋ ಹಕ್ಕೇ ಮಾಲೀಕನಿಗೆ ಕಟ್ಟಿಹಾಕಿರುತ್ತೆ. ಮಾಲೀಕನ ಮನೆ ಬಿಟ್ಟರೆ ಅಕ್ರಮ ವಾಸಿ. ಗಲ್ಫ್ ದೇಶಗಳಲ್ಲಿ ಇದೇ ಪದ್ಧತಿಯ ಬಿಸಿ ಅನುಭವಿಸಿದ ಕುಟುಂಬಗಳು ನಮ್ಮ ಕರಾವಳಿಯಲ್ಲೂ ಇವೆ. ಮಗು ಹುಟ್ಟಿದರೆ ಕೆಲಸ ಹೋಗುತ್ತೆ ಅಂತ ರಹೀಲ್ ತನ್ನ ಕೂಸನ್ನು ಬಚ್ಚಿಟ್ಟು ಸಾಕ್ತಾಳೆ. ಒಂದು ದಿನ ಪೊಲೀಸರು ಅವಳನ್ನು ಹಿಡಿದುಕೊಂಡು ಹೋಗ್ತಾರೆ. ಆ ಕೂಸು ಹನ್ನೆರಡು ವರ್ಷದ ಝೈನ್ ಕಂಕುಳಿಗೆ ಬರುತ್ತೆ. ಪಾತ್ರೆಯೊಂದನ್ನು ಸ್ಕೇಟ್‌ಬೋರ್ಡಿಗೆ ಕಟ್ಟಿ, ಅದರೊಳಗೆ ಮಗು ಕೂರಿಸಿ ಎಳೆದುಕೊಂಡು ಊರೆಲ್ಲ ಅಲೀತಾನೆ.

ಝೈನ್ ಪಾತ್ರ ಮಾಡಿದ ಹುಡುಗ ಸಿರಿಯಾದಿಂದ ಬಂದ ನಿರಾಶ್ರಿತ. ರಹೀಲ್ ಪಾತ್ರ ಮಾಡಿದಾಕೆಯನ್ನು ಶೂಟಿಂಗ್ ನಡೆಯುವಾಗಲೇ ಕಾಗದಪತ್ರ ಇಲ್ಲ ಅಂತ ನಿಜವಾಗಿ ಬಂಧಿಸಿದ್ದರು. ಸಿನಿಮಾ ಬಂದ ವರ್ಷವೇ ಆ ಹುಡುಗನ ಕುಟುಂಬಕ್ಕೆ ನಾರ್ವೆಯಲ್ಲಿ ನೆಲೆ ಸಿಕ್ಕಿತು.

ಈ ಸಿನಿಮಾದ ಬಗ್ಗೆ ಒಂದು ಗಟ್ಟಿ ಆಕ್ಷೇಪಣೆಯೂ ಇದೆ. ಇದು ಬಡತನವನ್ನು ಮಾರೋ ಸಿನಿಮಾ, ಕಾನ್‌ನಲ್ಲಿ ಕೋಟು ಹಾಕ್ಕೊಂಡು ಕೂತವರು ಅತ್ತು ಹಗುರಾಗೋಕೆ ಮಾಡಿದ್ದು ಅಂತ. ಈ ಮಾತನ್ನು ನಾನು ತಳ್ಳಿಹಾಕಲ್ಲ. ಕೆಲವು ಕಡೆ ಸಂಗೀತ ನಮ್ಮ ಕಣ್ಣೀರಿಗೆ ಕೈ ಚಾಚುತ್ತೆ ಅಂತ ನನಗೂ ಅನ್ನಿಸಿದೆ. ಅದೂ ಅಲ್ಲದೆ, ತಪ್ಪನ್ನೆಲ್ಲ ಬಡ ಅಪ್ಪ ಅಮ್ಮನ ತಲೆಗೆ ಕಟ್ಟೋದು ಸುಲಭದ ದಾರಿ. ಆದರೂ ಆ ಅಮ್ಮ ಕೋರ್ಟಿನಲ್ಲಿ ತಿರುಗಿಬಿದ್ದು, ನನ್ನ ಜಾಗದಲ್ಲಿ ನೀವು ಒಂದು ದಿನ ಬದುಕಿ ನೋಡಿ ಅನ್ನೋ ಅರ್ಥದಲ್ಲಿ ಮಾತಾಡುವಾಗ ಸಿನಿಮಾ ತನ್ನನ್ನು ತಾನೇ ಪ್ರಶ್ನೆ ಮಾಡಿಕೊಳ್ಳುತ್ತೆ.

ಹಾಗಾದರೆ ಕನಿಕರ ಮಾರೋ ಸಿನಿಮಾ ಯಾವುದು, ಮನುಷ್ಯರನ್ನು ತೋರಿಸೋ ಸಿನಿಮಾ ಯಾವುದು ಅಂತ ಗುರುತಿಸೋದು ಹೇಗೆ? ನಾನೊಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೀನಿ. ಆ ಪಾತ್ರಕ್ಕೆ ಕಷ್ಟ ಬಿಟ್ಟು ಬೇರೆ ಆಸೆ ಇದೆಯಾ? ಅಷ್ಟೇ ಕೇಳ್ತೀನಿ. ಸೊಹೀಗೆ ಡ್ಯಾನ್ಸ್ ಇತ್ತು. ನಮ್ಮ 'ಚೋಮನ ದುಡಿ'ಯನ್ನೇ ತಗೊಳ್ಳಿ. ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ ಸಿನಿಮಾ. ಚೋಮನಿಗೆ ಹೊಟ್ಟೆಗೆ ಹಿಟ್ಟು ಮಾತ್ರ ಬೇಕಿರಲಿಲ್ಲ. ಸ್ವಂತ ತುಂಡು ನೆಲದಲ್ಲಿ ತಾನೇ ಬೇಸಾಯ ಮಾಡಬೇಕು ಅನ್ನೋ ಆಸೆ ಇತ್ತು. ಆ ಆಸೆಯಿಂದಲೇ ಅವನು ನಮಗೆ ಇವತ್ತಿಗೂ ನೆನಪಿರೋದು. ಇತ್ತೀಚಿನದಾದರೆ ಉತ್ಸವ್ ಗೋನವಾರ ಅವರ 'ಫೋಟೋ'. ರಾಯಚೂರು ಕಡೆಯ ಒಬ್ಬ ಪೋರನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕು ಅಂತ ಆಸೆ. ಅಷ್ಟರಲ್ಲಿ ಲಾಕ್‌ಡೌನ್. ಅಪ್ಪ ಮಗ ನಡೆದುಕೊಂಡೇ ಊರ ಕಡೆ ಹೊರಡ್ತಾರೆ. ಆ ಸಿನಿಮಾದಲ್ಲೂ ಮೀಸೆಯ ವಿಲನ್ ಇಲ್ಲ. ಟಿವಿಯಲ್ಲಿ ಬಂದ ಒಂದು ಪ್ರಕಟಣೆ ಇದೆ, ಉದ್ದದ ರಸ್ತೆ ಇದೆ.

ಆಸೆ ಅಂದ್ರೆ ನೆನಪಾಗೋದು ನಾಲ್ಕನೆಯ ಸಿನಿಮಾ, ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ'. 2013ರದ್ದು. 'ಸೈರಾಟ್' ಹೆಸರು ಕೇಳಿರ್ತೀರಿ, ಅದಕ್ಕೂ ಮುಂಚೆ ಅವರು ಮಾಡಿದ್ದು. ಮಂಜುಳೆ ನಮ್ಮ ಗಡಿಗೆ ತಾಗಿರೋ ಸೊಲ್ಲಾಪುರ ಜಿಲ್ಲೆಯವರು, ವಡ್ಡರ ಸಮುದಾಯದಿಂದ ಬಂದವರು. ಕೈಕಾಡಿ ಭಾಷೆಯಲ್ಲಿ ಫ್ಯಾಂಡ್ರಿ ಅಂದರೆ ಹಂದಿ. ಸ್ವಲ್ಪ ಕಿವಿಗೊಟ್ಟು ಕೇಳಿ, ತಮಿಳಿನ ಪನ್ರಿ, ಹಳಗನ್ನಡದ ಪಂದಿ, ಇವರ ಫ್ಯಾಂಡ್ರಿ. ಮಹಾರಾಷ್ಟ್ರದ ಹಳ್ಳಿಯಲ್ಲಿ ಬದುಕೋ ಈ ಸಮುದಾಯದ ಮಾತು ನಮ್ಮ ನುಡಿಗಳ ನೆಂಟ. ಆ ಊರಿನಲ್ಲಿ ಅದೇ ಪದ ಬೈಗುಳ.

ಜಬ್ಯಾ ಅನ್ನೋ ಹುಡುಗನಿಗೆ ಶಾಲೆಯ ಮೇಲ್ಜಾತಿ ಹುಡುಗಿಯ ಮೇಲೆ ಪ್ರೀತಿ. ಜೀನ್ಸ್ ಪ್ಯಾಂಟ್ ಬೇಕು. ಒಂದು ಕಪ್ಪು ಗುಬ್ಬಚ್ಚಿ ಹಿಡಿದರೆ ಹುಡುಗಿ ಒಲೀತಾಳೆ ಅಂತ ಯಾರೋ ಹೇಳಿದ್ದನ್ನು ನಂಬಿ ಕವಣೆ ಹಿಡಿದು ಅಲೀತಾನೆ. ಊರಿನವರು ಮಾತ್ರ ಅವನ ಅಪ್ಪನಿಗೆ ಹಂದಿ ಹಿಡಿಯೋ ಕೆಲಸ ವಹಿಸ್ತಾರೆ. ಇಡೀ ಕುಟುಂಬ ಹಂದಿ ಹಿಂದೆ ಓಡಬೇಕು, ಅದೂ ಶಾಲೆಯ ಪಕ್ಕದಲ್ಲೇ. ಇನ್ನೇನು ಹಂದಿ ಸಿಕ್ಕೇಬಿಟ್ಟಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತೆ. ಜಬ್ಯಾ ಕಲಿತ ಹುಡುಗ, ನಿಂತಲ್ಲೇ ನೆಟ್ಟಗೆ ನಿಲ್ತಾನೆ. ಅವನನ್ನು ನೋಡಿ ಮನೆಯವರೂ ನಿಲ್ತಾರೆ. ಹಂದಿ ಆರಾಮಾಗಿ ನಡೆದು ಹೋಗುತ್ತೆ. ದೇಶಕ್ಕೆ ಅವನು ಕೊಡೋ ಗೌರವ, ದೇಶ ಅವನಿಗೆ ಕೊಟ್ಟಿರೋ ಜಾಗ, ಎರಡೂ ಒಂದೇ ಫ್ರೇಮಿನಲ್ಲಿ. ಕೊನೆಗೆ ಸತ್ತ ಹಂದಿಯನ್ನು ಹೊತ್ತು ಹೋಗುವಾಗ ಹಿಂದಿನ ಶಾಲೆ ಗೋಡೆಯಲ್ಲಿ ಅಂಬೇಡ್ಕರ್, ಫುಲೆ ದಂಪತಿಯ ಚಿತ್ರಗಳು ಕಾಣುತ್ತವೆ. ಯಾರೂ ಭಾಷಣ ಮಾಡಲ್ಲ.

ಸುತ್ತ ನಿಂತು ನಗೋರು ಯಾರು? ಕ್ಲಾಸ್‌ಮೇಟುಗಳು, ಅಕ್ಕಪಕ್ಕದವರು. ಅವರಿಗೆ ಅದೊಂದು ಟೈಮ್‌ಪಾಸ್. ಕೊನೆಗೆ ಜಬ್ಯಾ ಸಹಿಸೋಕಾಗದೆ ಕಲ್ಲು ಎತ್ತಿ ಬೀಸ್ತಾನೆ. ಆ ಕಲ್ಲು ನೇರ ಕ್ಯಾಮೆರಾಗೆ ಬರುತ್ತೆ. ಅಂದ್ರೆ ನಮಗೆ. ಇಷ್ಟೊತ್ತು ಕೂತು ನೋಡ್ತಿದ್ದ ನಮಗೆ. ಮಾಸ್ ಸಿನಿಮಾದಲ್ಲಿ ಏಟು ವಿಲನ್‌ಗೆ ಬೀಳುತ್ತೆ. ಇಲ್ಲಿ ಪ್ರೇಕ್ಷಕನಿಗೆ ಬೀಳುತ್ತೆ. ನಾನು ಮೊದಲಿಂದ ಹೇಳೋಕೆ ಹೊರಟಿದ್ದು ಈ ವ್ಯತ್ಯಾಸವನ್ನೇ.

ನೀವು ಕೇಳಬಹುದು, ಸರಿ ಸ್ವಾಮಿ, ಆದರೆ ಇವು ಸ್ಲೋ ಅಲ್ವಾ? ಸ್ಲೋ ಹೌದು. 'ಕೋರ್ಟ್'ನಲ್ಲಿ ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ಕೂತಿರುತ್ತೆ. ಯಾಕಂದ್ರೆ ಅಲ್ಲಿ ಕಾಯೋದೇ ಶಿಕ್ಷೆ. ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಗೆ ಅಲೆಯೋ ಮನುಷ್ಯನ ಕಾಲವನ್ನು ರೀಲ್ಸ್ ವೇಗದಲ್ಲಿ ತೋರಿಸಿದರೆ ಅದು ಸುಳ್ಳಾಗುತ್ತೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಬೇಡಿ ಅನ್ನೋದೊಂದೇ ನನ್ನ ವಿನಂತಿ. ಈ ಪಾಡ್‌ಕಾಸ್ಟ್ ಬೇಕಾದರೆ ಓಡಿಸಿ.

ಇನ್ನೊಂದು ತೊಂದರೆ, ಇಂಥ ಸಿನಿಮಾ ನಮ್ಮ ತನಕ ಬರೋದೇ ಕಷ್ಟ. ಸಂಧ್ಯಾ ಸೂರಿಯವರ 'ಸಂತೋಷ್' ನೋಡಿ. ಸತ್ತ ಗಂಡನ ಕಾನ್‌ಸ್ಟೆಬಲ್ ಕೆಲಸಕ್ಕೆ ಅನುಕಂಪದ ಆಧಾರದಲ್ಲಿ ಸೇರಿದ ಹೆಂಗಸು, ದಲಿತ ಬಾಲಕಿಯೊಬ್ಬಳ ಕೊಲೆ ಕೇಸಿನ ತನಿಖೆಯಲ್ಲಿ ತಾನೂ ಲಾಠಿ ಎತ್ತೋ ಕಥೆ. 2024ರಲ್ಲಿ ಕಾನ್‌ನಲ್ಲಿ ಪ್ರದರ್ಶನವಾಯಿತು, ಬ್ರಿಟನ್ ದೇಶ ಅದನ್ನು ಆಸ್ಕರ್‌ಗೆ ಕಳಿಸಿತು. ಇಲ್ಲಿ ಮಾತ್ರ 2025ರಲ್ಲಿ ಸೆನ್ಸಾರ್ ಮಂಡಳಿ ಕೇಳಿದ ಕತ್ತರಿಯ ಪಟ್ಟಿ ಎಷ್ಟು ಉದ್ದ ಇತ್ತು ಅಂದ್ರೆ, ಕತ್ತರಿಸಿದ ಮೇಲೆ ಸಿನಿಮಾನೇ ಉಳಿಯಲ್ಲ ಅಂತ ನಿರ್ದೇಶಕಿ ಒಪ್ಪಲಿಲ್ಲ. ಥಿಯೇಟರಿಗೆ ಬರಲಿಲ್ಲ. ಇರಾನ್‌ನ ಜಾಫರ್ ಪನಾಹಿಗೆ ಅಲ್ಲಿನ ಸರ್ಕಾರ ಇಪ್ಪತ್ತು ವರ್ಷ ಸಿನಿಮಾ ಮಾಡಬಾರದು ಅಂದಿತ್ತು. ಅವರು ಮನೆಯೊಳಗೇ ಕೂತು, ಒಂದಷ್ಟನ್ನು ಮೊಬೈಲಿನಲ್ಲೇ ಶೂಟ್ ಮಾಡಿ, 'ದಿಸ್ ಈಸ್ ನಾಟ್ ಎ ಫಿಲ್ಮ್' ಅಂತ ಹೆಸರಿಟ್ಟು 2011ರಲ್ಲಿ ಪೆನ್‌ಡ್ರೈವಿನಲ್ಲಿ ಕಾನ್‌ಗೆ ಕಳಿಸಿದರು. ಅದೇ ಪನಾಹಿ 2025ರಲ್ಲಿ ಅದೇ ಕಾನ್‌ನಲ್ಲಿ ಅತಿದೊಡ್ಡ ಪ್ರಶಸ್ತಿ ಗೆದ್ದರು. ನಿಮ್ಮ ಕೈಯಲ್ಲಿರೋ ಫೋನು ಸಿನಿಮಾ ನೋಡೋಕೆ ಮಾತ್ರ ಅಲ್ಲ ಅಂತ ಸುಮ್ಮನೆ ನೆನಪಿಸಿದೆ.

ನೋಡೋದ್ ಎಲ್ಲಿ? ಸಿಕ್ಕವನ್ನು ಓಟಿಟಿಯಲ್ಲಿ ಹುಡುಕಿ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ ಇದೆ, ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳಿವೆ. ಕನ್ನಡ ಸಬ್‌ಟೈಟಲ್ ಸಿಗಲ್ಲ ಅನ್ನೋದು ನಿಜವಾದ ಕಷ್ಟ. ಇಂಗ್ಲಿಷ್ ಸಾಲು ಓದಿ ಮುಗಿಸೋ ಅಷ್ಟರಲ್ಲಿ ದೃಶ್ಯ ಓಡಿರುತ್ತೆ. ಅದಕ್ಕೆ ಹಾಸ್ಟೆಲಲ್ಲಿ, ಪಿಜಿಯಲ್ಲಿ ನಾಲ್ಕು ಜನ ಸೇರಿ ನೋಡಿ. ಓದೋಕೆ ಬರೋರು ಒಬ್ಬರು ಕನ್ನಡದಲ್ಲಿ ಹೇಳ್ತಾ ಹೋಗಲಿ. ನಿಲ್ಲಿಸಿ ನಿಲ್ಲಿಸಿ ಜಗಳ ಆಡ್ಕೊಂಡು ನೋಡಿ. ಇಂಥ ಸಿನಿಮಾ ಒಬ್ಬರೇ ನೋಡಿದರೆ ಎದೆ ಭಾರ, ಜೊತೆಗೆ ನೋಡಿದರೆ ಮಾತು.

ನೋಡಿದ ಮೇಲೆ ಒಂದೇ ಒಂದು ಪ್ರಶ್ನೆ ಹಾಕಿಕೊಳ್ಳಿ. ಈ ಕಥೆಯಲ್ಲಿ ನಾನು ಯಾವ ಕುರ್ಚಿಯಲ್ಲಿ ಕೂತಿದ್ದೀನಿ? ನಮ್ಮಲ್ಲಿ ಕೆಲವರು ನಾಳೆ ಕೌಂಟರಿನ ಆ ಕಡೆ ಕೂರ್ತೀರಿ. ಎಚ್‌ಆರ್ ಆಗ್ತೀರಿ, ಮೇಷ್ಟ್ರಾಗ್ತೀರಿ, ಪಿಡಿಒ ಆಗ್ತೀರಿ, ಟೀಮ್ ಲೀಡ್ ಆಗ್ತೀರಿ. ಒಂದು ಕಾಗದ ಕಡಿಮೆ ಇರೋ ಒಬ್ಬರು ಎದುರಿಗೆ ಬಂದು ನಿಲ್ತಾರೆ. ಹೊರಗೆ ಹೊತ್ತಾಗಿರುತ್ತೆ, ನಿಮಗೆ ಬೋರಾಗಿರುತ್ತೆ, ರೂಲ್ಸ್ ನಿಮ್ಮ ಕಡೆಗೇ ಇರುತ್ತೆ. ಆಗ ನಾಳೆ ಬಾ ಅನ್ನೋ ಮುಂಚೆ ತಲೆ ಎತ್ತಿ ಅವರ ಮುಖ ನೋಡಿದರೆ, ಈ ಸಿನಿಮಾಗಳನ್ನು ನೀವು ನಿಜವಾಗಿ ನೋಡಿದ್ದೀರಿ ಅಂತ ಅರ್ಥ.

ನಾಲ್ಕರಲ್ಲಿ ಯಾವುದನ್ನು ಮೊದಲು ನೋಡಲಿ ಅಂತ ಕೇಳಿದರೆ, 'ಫ್ಯಾಂಡ್ರಿ'ಯಿಂದ ಶುರು ಮಾಡಿ ಅಂತೀನಿ.